ಮಾಲೆ ತೆಗೆದ ಮೇಲೆ ಮತ್ತೆ ಕುಡಿಯುವವನ ಬಗ್ಗೆ

ಅಯ್ಯಪ್ಪ ಮಾಲೆ ಧರಿಸುವವರಲ್ಲಿ ವರ್ಷವಿಡೀ ಕುಡಿಯುವವರೂ ಇರುತ್ತಾರೆ, ಮತ್ತು ಅವರಲ್ಲಿ ಅನೇಕರು ವ್ರತದ 41 ದಿನ ಒಂದು ಹನಿಯನ್ನೂ ಮುಟ್ಟುವುದಿಲ್ಲ. ಮಾಲೆ ತೆಗೆದ ಬಳಿಕ ಮತ್ತೆ ಕುಡಿಯತೊಡಗಿದವನನ್ನು ಕಂಡು ಜನ ಹೇಳುವುದು ಇಷ್ಟೇ: “ಆಗ ಬಿಡಲು ಆಗಿತ್ತು, ಈಗೇಕೆ ಆಗುವುದಿಲ್ಲ? ಎಲ್ಲ ಕೊಬ್ಬು.” ಈ ತೀರ್ಮಾನವನ್ನು ನಾನು ಒಪ್ಪುವುದಿಲ್ಲ.

ಆ ದಿನಗಳಲ್ಲಿ ಅವನಿಗೆ ಬೆಳಗಿನ ಜಾವದ ಸ್ನಾನವಿತ್ತು, ಸಂಜೆಯ ಭಜನೆಯಿತ್ತು, ಕುಡಿಯದವರ ಒಡನಾಟವಿತ್ತು, ಗುರುಸ್ವಾಮಿಯ ನಿಗಾ ಇತ್ತು. ನಿನ್ನೆಯವರೆಗೆ ಗದರಿಸುತ್ತಿದ್ದವರೂ ಅವನನ್ನು ‘ಸ್ವಾಮಿ’ ಎಂದು ಕರೆಯುತ್ತಿದ್ದರು. ಮಾಲೆ ಇಳಿದ ಮರುದಿನವೇ ಇವೆಲ್ಲವೂ ಒಟ್ಟಿಗೆ ಹೋಗುತ್ತವೆ; ಸಾಲ, ಮೈಕೈ ನೋವು, ಜಗಳ, ದಾರಿಯಲ್ಲಿನ ವೈನ್ ಶಾಪ್ ಮಾತ್ರ ಇದ್ದಲ್ಲಿಯೇ ಇರುತ್ತವೆ. ಆದ್ದರಿಂದ ಅವನ ಮನಸ್ಸು ದುರ್ಬಲವೇ ಎಂದು ಕೇಳುವ ಮೊದಲು, ಆ ದಿನಗಳು ಕೊಟ್ಟದ್ದನ್ನು ಉಳಿದ ದಿನಗಳು ಏಕೆ ಕೊಡುತ್ತಿಲ್ಲ ಎಂದು ಕೇಳಬೇಕು.

ಇದು ಬರಿಯ ಊಹೆಯಲ್ಲ. ವಿಯೆಟ್ನಾಂ ಯುದ್ಧದಿಂದ 1971ರಲ್ಲಿ ಮರಳಿದ ಅಮೆರಿಕದ ಸೈನಿಕರನ್ನು ಲೀ ರಾಬಿನ್ಸ್ ಎಂಬ ಸಂಶೋಧಕಿ ಅಧ್ಯಯನ ಮಾಡಿದಾಗ, ಯುದ್ಧಭೂಮಿಯಲ್ಲಿ ಸುಮಾರು ಐವರಲ್ಲಿ ಒಬ್ಬರು ಹೆರಾಯಿನ್‌ನಂತಹ ಅಫೀಮು ಮೂಲದ ಮಾದಕಗಳಿಗೆ ದಾಸರಾಗಿದ್ದದ್ದು ತಿಳಿಯಿತು. ಊರಿಗೆ ಮರಳಿದ ಮೊದಲ ವರ್ಷದಲ್ಲಿ ಅವರ ಪೈಕಿ ಮತ್ತೆ ಆ ವ್ಯಸನಕ್ಕೆ ಬಿದ್ದವರು ಶೇ. 5ರಷ್ಟು ಮಾತ್ರ. ಭಯ, ಬೇಸರ, ಕೈಗೆಟಕುವ ಅಗ್ಗದ ಮಾದಕ, ಈ ಮೂರೂ ಅವರಿಂದ ದೂರವಾಗಿದ್ದವು.

ಪರಿಸರವೊಂದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಮದ್ಯವ್ಯಸನದ ಸಾಧ್ಯತೆಯಲ್ಲಿ ಸುಮಾರು ಅರ್ಧದಷ್ಟು ಪಾಲು ಅನುವಂಶೀಯತೆಯದ್ದು ಎಂದು ಅವಳಿಗಳ ಅಧ್ಯಯನಗಳು ಹೇಳುತ್ತವೆ. ಚಿಕ್ಕ ವಯಸ್ಸಿನಲ್ಲೇ ಶುರುಮಾಡಿದವರಿಗೆ ಅಪಾಯ ಹೆಚ್ಚು. ಆದರೆ ಬಹಳ ಜನ ಕುಡಿತವನ್ನು ಮೋಜಿಗಾಗಿ ಅಲ್ಲ, ಯಾವುದೋ ಒಂದನ್ನು ಸಹಿಸಿಕೊಳ್ಳಲು ಹಿಡಿಯುತ್ತಾರೆ. ಕಾನೂನು ನಿಷೇಧಿಸಿದ್ದರೂ ಮ್ಯಾನ್‌ಹೋಲ್‌ಗೆ ಇಳಿಯಬೇಕಾದ ಕಾರ್ಮಿಕರು, ಕುಡಿಯದೆ ಆ ನಾತವನ್ನು ತಾಳಲಾಗದೆಂದು ಎಷ್ಟೋ ಬಾರಿ ಹೇಳಿದ್ದಾರೆ. ದಿನವಿಡೀ ಮೂಟೆ ಹೊತ್ತವನಿಗೆ ಅದು ನೋವಿನ ಔಷಧ, ಆತಂಕದಿಂದ ನರಳುವವನಿಗೆ ನಿದ್ದೆಯ ಔಷಧ. ಮೊದಮೊದಲು ಅದು ನಿಜವಾಗಿಯೂ ಕೆಲಸ ಮಾಡುತ್ತದೆ, ಅಪಾಯವಿರುವುದೂ ಅಲ್ಲಿಯೇ. ದೇಹ ಒಗ್ಗಿಕೊಂಡಂತೆ ಪ್ರಮಾಣ ಏರುತ್ತದೆ, ಕೊನೆಗೆ ಕುಡಿಯುವುದು ನಡುಕವನ್ನು ತಡೆಯಲಿಕ್ಕೆ ಮಾತ್ರವಾಗುತ್ತದೆ.

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಅದಕ್ಕಾಗಿ ಹಳ್ಳಿಹಳ್ಳಿಯ ಹೆಂಗಸರು ಪಟ್ಟ ಪಾಡನ್ನು ನಾನು ಬಹಳವಾಗಿ ಗೌರವಿಸುತ್ತೇನೆ. ಆದರೆ ಸಾರಾಯಿಯನ್ನು ಬೇಡುತ್ತಿದ್ದ ದಣಿವು ಹಾಗೆಯೇ ಉಳಿದದ್ದರಿಂದ, ಆ ಜಾಗಕ್ಕೆ ಅಗ್ಗದ ವಿಸ್ಕಿಯ ಪ್ಯಾಕೆಟ್ ಬಂದು ಕುಳಿತಿತು.

ಮನೆಮಂದಿಯೂ ಅಷ್ಟೇ: ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂದು ಒಬ್ಬ ಹೆಣ್ಣುಮಗಳ ಬದುಕನ್ನು ಪಣಕ್ಕಿಡುವವರನ್ನು ಕಂಡಾಗ ನನಗೆ ಸಿಟ್ಟು ತಡೆಯಲಾಗುವುದಿಲ್ಲ. ದೇವರ ಮುಂದೆ ಆಣೆ ಮಾಡಿಸಿ, ಕೋಣೆಯಲ್ಲಿ ಕೂಡಿಹಾಕಿ ಬಿಡಿಸುವುದಂತೂ ಪ್ರಾಣಕ್ಕೇ ಕುತ್ತು ತರಬಹುದು. ವರ್ಷಗಟ್ಟಲೆ ದಿನವೂ ವಿಪರೀತ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನಗಳೊಳಗೆ ಫಿಟ್ಸ್ ಬರಬಹುದು. ಎರಡು ಮೂರನೆಯ ದಿನದ ಹೊತ್ತಿಗೆ ದಿಕ್ಕುದೆಸೆ ತಿಳಿಯದಂತಾಗಿ, ಇಲ್ಲದ್ದು ಕಾಣಬಹುದು. ಅದನ್ನು ದೆವ್ವದ ಕಾಟವೆಂದು ತಿಳಿದು ಮಂತ್ರವಾದಿಯ ಬಳಿಗೆ ಒಯ್ಯುವುದರಲ್ಲಿ ಅಮೂಲ್ಯವಾದ ಸಮಯ ಕಳೆದುಹೋಗುತ್ತದೆ. ವೈದ್ಯರ ಕಣ್ಣಮುಂದೆ ಔಷಧದ ನೆರವಿನಿಂದ ಬಿಡಿಸಿದರೆ ಈ ಅಪಾಯವನ್ನು ಬಹುಮಟ್ಟಿಗೆ ತಪ್ಪಿಸಬಹುದು.

2017ರ ಮಾನಸಿಕ ಆರೋಗ್ಯ ಕಾಯ್ದೆಯು ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಕಾಯಿಲೆಯ ವ್ಯಾಖ್ಯೆಯಲ್ಲಿ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೆಂದೇ ಪ್ರತ್ಯೇಕ ಚಿಕಿತ್ಸಾ ಕೇಂದ್ರವಿದೆ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು; ಕುಡಿಯುವವನು ಒಪ್ಪದಿದ್ದರೂ ಅವನ ಹೆಂಡತಿಯೋ ತಾಯಿಯೋ ತಮ್ಮ ಪಾಡನ್ನು ಹೇಳಿಕೊಂಡು ಸಲಹೆ ಕೇಳಬಹುದು. ಚಿಕಿತ್ಸೆ ಮುಗಿಸಿ ಬಂದವನು ಮತ್ತೆ ಒಮ್ಮೆ ಕುಡಿದರೆ, ಅವನನ್ನು ಅದೇ ವೈದ್ಯರ ಬಳಿಗೆ ಮರಳಿ ಕರೆದೊಯ್ಯಿರಿ. ಸಕ್ಕರೆ ಕಾಯಿಲೆ ಮತ್ತೆ ಏರಿದಾಗ ನಾವು ಯಾರನ್ನೂ ಮನೆಯಿಂದ ಹೊರಗೆ ಹಾಕುವುದಿಲ್ಲ.