ಎಷ್ಟಿಡ್ಲಿ ಸಾರ್?

"ಎಷ್ಟಿಡ್ಲಿ ಸಾರ್?"

ಬೆಳಿಗ್ಗೆ ಏಳೂವರೆ. ತಿಂಡಿ ಆಗಿರಲಿಲ್ಲ. ಬಾಯಿಗೆ ಬಂದದ್ದು 'ಎರಡು, ಜೊತೆಗೊಂದು ವಡೆ' ಅಂತ. ಪುಣ್ಯಕ್ಕೆ ತಡೆದುಕೊಂಡೆ. ಕೇಳಿದವನು ಪೆಟ್ರೋಲ್ ಬಂಕಿನ ಹುಡುಗ. ಅವನ ಕೈಯಲ್ಲಿ ಗಾಳಿ ಪೈಪಿತ್ತು.

"ಮುಂದಕ್ಕೆ 33, ಹಿಂದಕ್ಕೆ 30" ಅಂದೆ. ಇದು ನನ್ನ ಸ್ವಂತ ಅಭಿಪ್ರಾಯ ಅಲ್ಲ. ಡ್ರೈವರ್ ಬಾಗಿಲು ತೆಗೆದರೆ ಪಕ್ಕದಲ್ಲೇ ಒಂದು ಸ್ಟಿಕ್ಕರ್ ಇದೆ. ಕಾರು ಮಾಡಿದವರೇ ಅಂಟಿಸಿದ್ದು. ಹುಡುಗ ನನ್ನ ಮುಖ ನೋಡಿದ. ಕಾರು ನೋಡಿದ. ಮೆಷಿನ್ನಿನ ಗುಂಡಿ ಒತ್ತಿ 35 ಮಾಡಿದ.

"33 ಅಂದೆನಲ್ಲಪ್ಪಾ."

"ಎಲ್ರಿಗೂ 35 ಸಾರ್. ಚೆನ್ನಾಗಿರ್ತದೆ."

ಹಾಗಾದರೆ ಕೇಳಿದ್ದು ಯಾಕೆ? ಹೋಟೆಲಿನಲ್ಲಿ ಎರಡು ಇಡ್ಲಿ ಹೇಳಿದವರ ಮುಂದೆ ನಾಲ್ಕು ತಂದಿಟ್ಟು 'ಎಲ್ರಿಗೂ ನಾಲ್ಕೇ' ಅಂದರೆ ಜಗಳ ಆಗುತ್ತದೆ. ಗಾಳಿ ವಿಷಯಕ್ಕೆ ಯಾರೂ ಜಗಳ ಆಡುವುದಿಲ್ಲ. ಬಿಟ್ಟಿ ಅಲ್ವಾ. ಬಂಕಿನಲ್ಲಿ ಗಾಳಿಗೆ ದುಡ್ಡು ತೆಗೆದುಕೊಳ್ಳಬಾರದು ಅಂತ ನಿಯಮವೇ ಇದೆ. ಹತ್ತು ರೂಪಾಯಿ ಕೊಡದೆ ಹೊರಟರೆ ಹುಡುಗರು ನೋಡುತ್ತಾರಲ್ಲ, ಆ ನೋಟಕ್ಕೆ ಮಾತ್ರ ಯಾವ ನಿಯಮವೂ ಇಲ್ಲ.

ಅಲ್ಲಿ ನಿಂತಿದ್ದಾಗಲೇ ಗಾಳಿಯ ಬಗ್ಗೆ ಒಂದು ದೊಡ್ಡ ಮಾತು ಹೊಳೆಯಿತು. ಅಷ್ಟರಲ್ಲಿ ಹಿಂದಿನ ಕಾರಿನವನು ಹಾರ್ನ್ ಹೊಡೆದ. ಅದನ್ನು ಆಮೇಲೆ ಹೇಳುತ್ತೇನೆ.

ಸ್ಟಿಕ್ಕರಿನದ್ದೂ ಒಂದು ತರಲೆ ಇದೆ. ಅದರಲ್ಲಿ ಬರೆದಿರುವುದು ತಣ್ಣಗಿರುವ ಟೈರಿನ ಲೆಕ್ಕ. ರಾತ್ರಿಯೆಲ್ಲ ನಿಂತ ಕಾರು ಅಂತಿಟ್ಟುಕೊಳ್ಳಿ. ಬಂಕು ನಮ್ಮನೆಯಿಂದ ನಾಲ್ಕು ಕಿಲೋಮೀಟರ್. ದಾರಿಯಲ್ಲಿ ಹನ್ನೊಂದು ಹಂಪು. ಅಲ್ಲಿ ಮುಟ್ಟುವ ಹೊತ್ತಿಗೆ ಟೈರು ಬೆಚ್ಚಗಾಗಿ, ಒಳಗಿನ ಗಾಳಿಯ ಒತ್ತಡ ಒಂದೆರಡು ಪಿಎಸ್‌ಐ, ಅಂದರೆ ಮೆಷಿನ್ನಿನಲ್ಲಿ ಒಂದೆರಡು ಅಂಕಿ, ಏರಿರುತ್ತದೆ. ಸರಿಯಾಗಿ ಅಳೆಯಬೇಕಾದರೆ ಹಿಂದಿನ ರಾತ್ರಿಯೇ ಹೋಗಿ ಬಂಕಿನಲ್ಲಿ ಮಲಗಬೇಕು. ಹಾಗೆ ಲೆಕ್ಕ ಹಾಕಿದರೆ ಮುಂದಿನ ಟೈರಿಗೆ ಹುಡುಗ ಹಾಕಿದ 35 ಸರಿಯೇ ಇರಬಹುದು. ಇದನ್ನು ಅವನಿಗೆ ಹೇಳುವ ಉದ್ದೇಶ ನನಗಿಲ್ಲ.

ನಮ್ಮಪ್ಪನಿಗೆ ಪಿಎಸ್‌ಐ ಗೊತ್ತಿರಲಿಲ್ಲ. ಹೆಬ್ಬೆರಳು ಗೊತ್ತಿತ್ತು. ಆಗ ಅರಸೀಕೆರೆಯಲ್ಲಿದ್ದೆವು. ಸೈಕಲ್ಲಿನ ಹಿಂದಿನ ಚಕ್ರ ಒತ್ತಿ ನೋಡಿ 'ಹ್ಞೂಂ' ಅಂದರೆ ಸರಿ ಇದೆ, 'ಹೂಂ' ಅಂದರೆ ಬ್ಲೋ ಹೊಡೀಬೇಕು. ಎರಡಕ್ಕೂ ಇದ್ದ ವ್ಯತ್ಯಾಸ ಅಮ್ಮನಿಗೆ ಮಾತ್ರ ತಿಳಿಯುತ್ತಿತ್ತು. ಅಪ್ಪನನ್ನು ನಾನು ತಮಾಷೆ ಮಾಡುತ್ತಿದ್ದೆ. ಈಗ ಮಾಡುವುದಿಲ್ಲ. ಆ ಕಾಲದ ಸೈಕಲ್ಲಿಗೆ ಒಳಗೆ ರಬ್ಬರಿನ ವಾಲ್‌ಟ್ಯೂಬ್ ಇರುತ್ತಿತ್ತು, ನೆನಪಿದೆಯಾ? ಗಾಳಿ ಒಳಗೆ ಹೋದರೆ ಆ ರಬ್ಬರು ಮುಚ್ಚಿಕೊಂಡು ಬಿಡುತ್ತದೆ. ಹೊರಗಿನಿಂದ ಮೀಟರ್ ಇಟ್ಟರೆ ಏನೂ ಹೇಳುವುದಿಲ್ಲ. ಹೆಬ್ಬೆರಳು ಬಿಟ್ಟರೆ ಗತಿಯೇ ಇರಲಿಲ್ಲ. 1888ರಲ್ಲಿ ಗಾಳಿ ಟೈರಿಗೆ ಪೇಟೆಂಟ್ ತೆಗೆದುಕೊಂಡ ಡನ್‌ಲಪ್ ಅವರು ಬೆಲ್‌ಫಾಸ್ಟಿನಲ್ಲಿ ದನದ ಡಾಕ್ಟರು. ಅವರೂ ಒತ್ತಿಯೇ ನೋಡಿರಬೇಕು.

ಅಪ್ಪನ ಹತ್ತಿರ ಒಂದು ಪಂಪಿತ್ತು. ಮರದ ಹಿಡಿ, ಹಿತ್ತಾಳೆಯ ಕೊಳವೆ. ಒಳಗೆ ಚರ್ಮದ ವಾಷರು. ಅದು ಒಣಗಿದರೆ ಗಾಳಿ ಹಿಡಿಯುವುದಿಲ್ಲ ಅಂತ ತಿಂಗಳಿಗೊಮ್ಮೆ ಬಿಚ್ಚಿ ಹರಳೆಣ್ಣೆ ಹಚ್ಚುತ್ತಿದ್ದರು. ನಮ್ಮ ತಲೆಗೂ ಅದೇ ದಿನ, ಅದೇ ಎಣ್ಣೆ. ಮೊದಲು ಪಂಪಿಗೆ, ಆಮೇಲೆ ನಮಗೆ.

ಈ ಪಂಪನ್ನು ಹಿಂದಿನ ಬೀದಿಯ ಮೇಷ್ಟ್ರು ಒಂದು ಭಾನುವಾರ 'ಐದೇ ನಿಮಿಷ' ಅಂತ ತೆಗೆದುಕೊಂಡು ಹೋದರು. ಬರಲಿಲ್ಲ. ಮೇಷ್ಟ್ರು ದಿನಾ ಸಿಗುತ್ತಿದ್ದರು, ಪಂಪು ಬರಲಿಲ್ಲ. ಕೇಳಿ ಅಂತ ಅಮ್ಮ ಅಂದರೆ, "ನಮ್ಮ ವಸ್ತು ನಾವೇ ಕೇಳೋದು ಹೇಗೆ? ಅವರಿಗೇ ಗೊತ್ತಾಗಬೇಕು" ಅನ್ನುತ್ತಿದ್ದರು ಅಪ್ಪ. ಹಾಗೆ ಅಂದು, ಸೈಕಲ್ ತಳ್ಳಿಕೊಂಡು ಅಂಗಡಿಗೆ ಹೋಗಿ, ದುಡ್ಡು ಕೊಟ್ಟು ಬ್ಲೋ ಹೊಡೆಸಿಕೊಂಡು ಬರುತ್ತಿದ್ದರು. ಎರಡು ವರ್ಷ. ಹೋಗುವಾಗ ಬೇಕಂತಲೇ ಮೇಷ್ಟ್ರ ಮನೆ ಮುಂದೆ ತಳ್ಳಿಕೊಂಡು ಹೋಗುತ್ತಿದ್ದರು. ಮೇಷ್ಟ್ರು ಜಗಲಿಯಿಂದಲೇ, "ಏನ್ರೀ, ಗಾಳಿ ಇಲ್ವಾ?" ಅಂತ ವಿಚಾರಿಸುತ್ತಿದ್ದರು.

ಆಮೇಲೆ ಮೇಷ್ಟ್ರ ಮಗಳ ಮದುವೆ ಬಂತು. ಮನೆ ಮುಂದೆಯೇ ಚಪ್ಪರ. ಒಳಗೆ ಕಾಲಿಟ್ಟರೆ ಮೂಲೆಯಲ್ಲಿ ಹುಡುಗರ ಗುಂಪು, ಮಧ್ಯದಲ್ಲಿ ನಮ್ಮ ಪಂಪು. ಬಲೂನಿಗೆ ಗಾಳಿ ಹೊಡೆಯುತ್ತಿದ್ದಾರೆ! ಅಪ್ಪ ಏನೂ ಮಾತಾಡಲಿಲ್ಲ. ಊಟಕ್ಕೆ ಕೂತರು. ಕೋಸಂಬರಿ, ಪಲ್ಯ, ಸಾರು ಎಲ್ಲ ಮುಗಿಯಿತು. ಮೇಷ್ಟ್ರು ಪಂಕ್ತಿ ವಿಚಾರಿಸುತ್ತಾ ಬಂದು, "ಸಂಕೋಚ ಮಾಡ್ಕೋಬೇಡಿ, ಇನ್ನೊಂದು ಹೋಳಿಗೆ ಹಾಕಿಸ್ಕೊಳ್ಳಿ" ಅಂದರು. ಅಪ್ಪ ತಲೆ ಎತ್ತಿ ಕೇಳಿದರು.

"ವಾಷರಿಗೆ ಎಣ್ಣೆ ಹಚ್ತಾ ಇದೀರಾ?"

ಮೇಷ್ಟ್ರು ಪಾಪ ಹೋಳಿಗೆ ಹಿಡಿದು ನಿಂತೇ ಇದ್ದರು. ಕೊನೆಗೆ, "ಯಾವ ವಾಷರು ಸ್ವಾಮೀ?" ಅಂದರು.

ಅಪ್ಪ ಕೈ ತೊಳೆದು ಬಂದು, ಒಂದು ಕೈಯಲ್ಲಿ ತಾಂಬೂಲದ ತೆಂಗಿನಕಾಯಿ, ಹೆಗಲ ಮೇಲೆ ಪಂಪು ಇಟ್ಟುಕೊಂಡು, ವಾಲಗದವರ ಮುಂದೆಯೇ ಮನೆಗೆ ನಡೆದರು. ಅಮ್ಮ ನಾಲ್ಕು ದಿನ ಮಾತು ಬಿಟ್ಟಿದ್ದಳು. ಪಂಪಿಗೆ ಆ ಸಂಜೆಯೇ ಎಣ್ಣೆ ಬಿತ್ತು.

ಎಲ್ಲಿದ್ದೆ? ಹಾಂ, ದೊಡ್ಡ ಮಾತು. ಅದು ನೈಟ್ರೋಜನ್ನಿಗೆ ಸಂಬಂಧಪಟ್ಟಿತ್ತು ಅಂತ ನೆನಪು. ಈಚೆಗೆ ಟೈರಿನ ಅಂಗಡಿಯೊಂದರಲ್ಲಿ, "ನೈಟ್ರೋಜನ್ ಹಾಕಿಸ್ಬಿಡಿ ಸಾರ್" ಅಂದರು. ಸುಮ್ನೆ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ. ಇದು ಸ್ಕೂಲಿನಲ್ಲಿ ಓದಿ ಮರೆಯದೇ ಉಳಿದ ಕೆಲವೇ ವಿಷಯಗಳಲ್ಲಿ ಒಂದು. "78 ಆಗಲೇ ಇದೆ, ಬಾಕಿ 22ಕ್ಕೆ ಎಷ್ಟಾಗುತ್ತೆ?" ಅಂದೆ. ಅಂಗಡಿಯವನು ನಗಲಿಲ್ಲ. ಹೆಂಡತಿಯೂ ನಗಲಿಲ್ಲ.

ಬಂಕಿನ ಕೆಲಸ ಸರಿಯೋ ತಪ್ಪೋ ನೋಡೋಣ ಅಂತ ಮಾರನೆಯ ಬೆಳಿಗ್ಗೆ, ಕಾರು ಅಲುಗಿಸದೆ, ಮನೆಯಲ್ಲಿದ್ದ ಪೆನ್ನಿನಂಥ ಮೀಟರ್ ಇಟ್ಟೆ. 31 ತೋರಿಸಿತು. ಕಾಲಲ್ಲಿ ತುಳಿಯುವ ಪಂಪಿನ ಮೀಟರ್ 34 ಅಂದಿತು. ಅಕ್ಕಪಕ್ಕ ಇಟ್ಟುಕೊಂಡು ಯಾವುದನ್ನು ನಂಬಲಿ ಅಂತ ಕೂತಿದ್ದಾಗ ಎದುರುಮನೆಯ ರಾಯರು ಹಾಲು ತಗೊಂಡು ಬಂದರು. ಚಪ್ಪಲಿ ಕಾಲಲ್ಲಿ ಟೈರಿಗೆ ಒಂದು ಒದ್ದು, "ಇದೆ ಬಿಡ್ರೀ" ಅಂದು ಹೋದರು. ನನ್ನ ಕಾರಿಗೆ ಒದೆಯಲು ಅವರಿಗೆ ಯಾರು ಹೇಳಿದ್ದರು? ಕೈಯಲ್ಲಿ ಹಾಲಿತ್ತು ಅಂತ ಬಿಟ್ಟೆ.

ಆಗ ಕಂಡಿದ್ದು. ಎಡಗಡೆ ಹಿಂದಿನ ಚಕ್ರದ ವಾಲ್ವಿಗೆ ಮುಚ್ಚಳ ಇಲ್ಲ. ಕಡಲೆಯಷ್ಟು ಪ್ಲಾಸ್ಟಿಕ್ಕು. ಅದಿಲ್ಲದಿದ್ದರೆ ವಾಲ್ವಿಗೆ ಧೂಳು ಹೋಗುತ್ತದೆ ಅಂತ ಒಂದು ಕಡೆ, ಇವತ್ತು ಇದು ನಾಳೆ ಚಕ್ರ ಅನ್ನುವ ಸಿಟ್ಟು ಇನ್ನೊಂದು ಕಡೆ. ಮತ್ತೆ ನಾಲ್ಕು ಕಿಲೋಮೀಟರ್, ಹನ್ನೊಂದು ಹಂಪು.

ಹುಡುಗ ಬೈಸಿಕೊಳ್ಳಲು ಪುರಸೊತ್ತಿಲ್ಲದವನ ಹಾಗೆ ಒಂದು ಹಳೇ ಡಬ್ಬ ತಂದು ಮುಂದಿಟ್ಟ. ತುಂಬಾ ಮುಚ್ಚಳಗಳು. ಕಪ್ಪು, ಹಸಿರು, ಕೆಂಪು, ಒಂದೆರಡು ಸ್ಟೀಲಿನವು. ಊರಿನ ಎಲ್ಲ ಕಾರಿನದ್ದೂ ಇತ್ತು ಅಂತ ಕಾಣುತ್ತದೆ. "ನಿಮ್ದ್ಯಾವ್ದು ನೋಡ್ಕಳಿ ಸಾರ್" ಅಂದ.

ನನ್ನದು ಕಪ್ಪು. ಡಬ್ಬದಲ್ಲಿ ಕಪ್ಪೇ ಜಾಸ್ತಿ. ಕೂತು ಹುಡುಕಿದೆ. ಕೊನೆಗೆ ಒಂದು ಸ್ಟೀಲಿನದು ಹಾಕಿಕೊಂಡೆ. ಬಾಗಿಲು ಹಾಕುವಾಗ ಹುಡುಗ ಪೈಪು ಎಳೆದುಕೊಂಡು ಮುಂದಿನ ಚಕ್ರದ ಹತ್ತಿರ ಕೂತಾಗಿತ್ತು. ಈ ಸಲ ಎಷ್ಟಿಡ್ಲಿ ಅಂತ ಕೇಳಲೂ ಇಲ್ಲ.