ಟೊಮೆಟೊಗೆ ಎಸಿ, ನಮಗೆ ಫ್ಯಾನು

ಮನೆ ಒಳಗೆ ಟೆಂಟ್ ಹಾಕಿ ಟೊಮೆಟೊ ಬೆಳೀತೀನಿ ಅಂತ ಹೊರಟಾಗ ಲೈಟು, ನೀರು, ಗೊಬ್ಬರ, ಇಷ್ಟೇ ತಲೆನೋವು ಅಂದ್ಕೊಂಡಿದ್ದೆ. ರಾತ್ರಿನೂ ನಾನೇ ತಯಾರು ಮಾಡ್ಬೇಕು ಅಂತ ಯಾರೂ ಹೇಳಿರ್ಲಿಲ್ಲ. ಹೊರಗಡೆ ಆದ್ರೆ ಸೂರ್ಯ ಮುಳುಗ್ತಾನೆ, ಗಾಳಿ ತಣ್ಣಗಾಗತ್ತೆ, ಎಲ್ಲಾ ಫ್ರೀ. ಒಳಗೆ ಎಲ್‌ಇಡಿ ಆಫ್ ಮಾಡಿದ್ರೆ ಕತ್ತಲಾಗತ್ತೆ ಅಷ್ಟೇ, ರಾತ್ರಿ ಆಗಲ್ಲ.

ಮೊದಲ ಎಡವಟ್ಟು ಥರ್ಮಾಮೀಟರ್‌ದು. ಅದನ್ನ ತಗೊಂಡೋಗಿ ಸೀದಾ ಲೈಟಿನ ಕೆಳಗೇ ನೇತಾಕಿದ್ದೆ, 36 ಡಿಗ್ರಿ ತೋರಿಸ್ತು. ಎದೆ ಝಲ್ ಅಂತು. ಟೆಂಟಿನ ಜಿಪ್ ಪೂರ್ತಿ ತೆಗೆದು, ಟೇಬಲ್ ಫ್ಯಾನ್ ತಂದು ಗಿಡಗಳ ಮುಖಕ್ಕೇ ಇಟ್ಟು ಒಂದು ವಾರ ಬಿರುಗಾಳಿ ಬೀಸಿಸಿದೆ. ಎಲೆಗಳೆಲ್ಲ ಸುರುಳಿ ಸುತ್ಕೊಂಡ್ವು. ಆಮೇಲೆ ಯಾಕೋ ಅನುಮಾನ ಬಂದು ಥರ್ಮಾಮೀಟರ್ ತಲೆ ಮೇಲೆ ಒಂದು ಬಿಳಿ ಕಾಗದ ಮಡಚಿ ಕೊಡೆ ಥರ ಇಟ್ಟೆ. 29. ಅಂದ್ರೆ ಇಷ್ಟು ದಿನ ಅದು ಗಾಳಿ ಅಳೀತಾನೇ ಇರ್ಲಿಲ್ಲ, ಬಿಸಿಲು ಕಾಯಿಸ್ಕೊಂಡು ತನ್ನ ಮೈ ಬಿಸಿನೇ ಹೇಳ್ಕೊಳ್ತಿತ್ತು.

ಸರಿ, ಹಗಲು ಇತ್ಯರ್ಥ ಆಯ್ತು, ಹೂವೂ ಬಂತು. ಬಂದಿದ್ದೆಲ್ಲಾ ಉದುರಕ್ಕೆ ಶುರು. ಟೊಮೆಟೊ ಹೂವಿನ ತೊಟ್ಟಿನ ಮಧ್ಯೆ ಒಂದು ಸಣ್ಣ ಗಂಟು ಇರತ್ತೆ, ಬೆರಳಿನ ಗೆಣ್ಣಿನ ಥರ, ಗಮನಿಸಿ ನೋಡಿ. ಮೊದ್ಲು ಅಲ್ಲಿ ತೊಟ್ಟು ಹಳದಿ ಆಗತ್ತೆ, ಮಾರನೇ ದಿನ ಉಸಿರು ತಾಗಿದ್ರೂ ಸಾಕು, ಸರಿಯಾಗಿ ಆ ಗಂಟಿನಲ್ಲೇ ಕಳಚ್ಕೊಂಡು ಬೀಳತ್ತೆ. ಬೆಳಿಗ್ಗೆ ಎದ್ದು ಕುಂಡದ ಮಣ್ಣಿನ ಮೇಲೆ ಬಿದ್ದ ಹೂ ಎಣಿಸೋದೇ ನನ್ನ ಕೆಲಸ ಆಯ್ತು. ಕಾರಣ ನೋಡಿದ್ರೆ ರಾತ್ರಿ. ಟೊಮೆಟೊಗೆ ರಾತ್ರಿ 15ರಿಂದ 20 ಡಿಗ್ರಿ ಇದ್ರೆ ಕಾಯಿ ಚೆನ್ನಾಗಿ ಕಚ್ಚತ್ತೆ, ನಮ್ಮ ಟೆಂಟಲ್ಲಿ ನಡುರಾತ್ರಿಲೂ 26. ಹಗಲೆಲ್ಲಾ ದುಡಿದು ಮಾಡಿದ ಸಕ್ಕರೆನ ಸೆಕೆ ರಾತ್ರಿಲಿ ಉಸಿರಾಡಿ ಉಸಿರಾಡಿ ಖರ್ಚು ಮಾಡ್ಕೊಳ್ಳತ್ತಂತೆ ಗಿಡ, ಥೇಟ್ ನಮ್ಮ ಸಂಬಳದ ಹಾಗೆ. ಬೆಚ್ಚಗಿನ ಹಗಲು, ತಣ್ಣಗಿನ ರಾತ್ರಿ ಇದ್ರೇನೇ ಟೊಮೆಟೊಗೆ ಹಿತ ಅಂತ ಫ್ರಿಟ್ಸ್ ವೆಂಟ್ ಅನ್ನೋ ವಿಜ್ಞಾನಿ 1944ರಲ್ಲೇ ಬರೆದಿಟ್ಟಿದ್ದಾರೆ. ನನಗೆ ಸುದ್ದಿ ಮುಟ್ಟಿದ್ದು ಸ್ವಲ್ಪ ಲೇಟು.

ಈಗ ಒಂದು ನಿಜ ಹೇಳ್ತೀನಿ, ಟೆಂಟ್ ಒಳಗಿನ ಹಗಲು ರಾತ್ರಿ ಬಗ್ಗೆ ಟೊಮೆಟೊ ಬೆಳೆಯೋರು ಅಷ್ಟಾಗಿ ಬರೆಯಲ್ಲ, ಬರೆಯೋರೆಲ್ಲ ಗಾಂಜಾ ಬೆಳೆಯೋರು. ಅದು ಕಾನೂನಿನಲ್ಲಿ ಸರಿ ಇರೋ ದೇಶದವರು ಅರ್ಧ ಡಿಗ್ರಿಗೂ ಲೆಕ್ಕ ಇಟ್ಟು ಪುರಾಣದಷ್ಟು ಉದ್ದ ಬರೀತಾರೆ. ನಾನು ಒಳ್ಳೇ ವಿದ್ಯಾರ್ಥಿ ಥರ ಕೂತು ಓದಿದೆ, ಬೇಕಾದ್ದೆಲ್ಲ ಸ್ಕ್ರೀನ್‌ಶಾಟ್ ತೆಗೆದಿಟ್ಕೊಂಡೆ. ಒಂದಿನ ನಮ್ಮನೆಯವಳು ಯಾವ್ದೋ ಫೋಟೋ ಹುಡುಕ್ತಾ ನನ್ನ ಫೋನ್ ಹಿಡ್ಕೊಂಡ್ಲು.

"ರೀ, ಇದೇನ್ರೀ ಇದು, 'ನನ್ನ ಹುಡುಗೀರು ರಾತ್ರಿ 20 ಡಿಗ್ರಿಲಿ ಖುಷಿಯಾಗಿರ್ತಾರೆ' ಅಂತ?"

ಗಾಂಜಾದಲ್ಲಿ ಗಂಡು ಗಿಡ ಬೇರೆ ಹೆಣ್ಣು ಗಿಡ ಬೇರೆ, ಹೂವಿಗೋಸ್ಕರ ಬೆಳೆಯೋರು ಹೆಣ್ಣನ್ನ ಮಾತ್ರ ಇಟ್ಕೊಳ್ತಾರೆ, ಅದಕ್ಕೇ ಪ್ರೀತಿಯಿಂದ ಹಂಗಂತಾರೆ ಕಣೇ ಅಂತ ವಿವರಿಸಿದೆ. ವಿವರಿಸಿದ ಮೇಲೆ ಪರಿಸ್ಥಿತಿ ಇನ್ನೂ ಹದಗೆಡ್ತು. ಟೆಂಟ್ ಹತ್ರ ಕರ್ಕೊಂಡೋಗಿ ಎಲೆ ಉಜ್ಜಿ ಮೂಗಿಗೆ ಹಿಡಿದು ಟೊಮೆಟೊ ವಾಸನೆ ತೋರಿಸ್ಬೇಕಾಯ್ತು.

ಅವರದ್ದೇ ಇನ್ನೊಂದು ಉಪಾಯ, ಸೆಕೆ ಜಾಸ್ತಿ ಇದ್ರೆ ಲೈಟನ್ನ ರಾತ್ರಿ ಉರಿಸಿ, ಹಗಲು ಆರಿಸಿ. ಲೈಟಿನ ಬಿಸಿ ತಂಪು ಹೊತ್ತಲ್ಲಿ ಕಳೆದುಹೋಗತ್ತೆ. ವಾಹ್ ಅಂತ ಟೈಮರ್ ತಿರುಗಿಸಿದೆ. ರೂಮು ಮಧ್ಯಾಹ್ನ 30 ಇರತ್ತೆ ಅನ್ನೋದು ತಲೇಲೇ ಇಲ್ಲ. ಪರಿಣಾಮ, ಗಿಡದ ಹಗಲು 27, ಗಿಡದ ರಾತ್ರಿ 30. ಪೂರ್ತಿ ಉಲ್ಟಾ. ಹಗಲಿಗಿಂತ ರಾತ್ರಿ ಬಿಸಿ ಆದ್ರೆ ಕಾಂಡ ಉದ್ದ ಆಗಲ್ಲ, ಗಿಡ ಕುಳ್ಳಗೇ ಉಳಿಯತ್ತೆ, ಹೂವಿನ ಸಸಿ ಮಾಡೋರು ಬೇಕು ಅಂತಲೇ ಇದನ್ನ ಮಾಡ್ತಾರಂತೆ. ನಂಗೆ ಬೇಡವಾಗಿತ್ತು. ನನ್ನ ಆರು ಗಿಡ ಎಲೆ ಕೆಳಗೆ ಇಳಿಬಿಟ್ಟು, ಬೈಸ್ಕೊಂಡ ಮಕ್ಕಳ ಹಾಗೆ ನಿಂತಿದ್ವು. ಇದು ಸಾಲ್ದು ಅಂತ ಅದು ತಿರುಗೋ ಚಕ್ರದ ಹಳೇ ಟೈಮರ್ರು, ಕರೆಂಟ್ ಹೋದ್ರೆ ಅದೂ ನಿಂತ್ಬಿಡತ್ತೆ, ಬಂದ್ಮೇಲೆ ಬಿಟ್ಟ ಜಾಗದಿಂದ ಮುಂದುವರಿಸತ್ತೆ. ನಾಲ್ಕು ಸಲ ಕರೆಂಟ್ ಹೋಗಿ ಟೆಂಟಿಗೆ ಬೆಳಗಾಗೋ ಹೊತ್ತು ಯಾವ್ದು ಅಂತ ನನಗೇ ಗೊತ್ತಿರ್ಲಿಲ್ಲ. ಆ ರೂಮಲ್ಲಿ ಮಲಗಿದ್ದ ಭಾವಮೈದ ಮಧ್ಯರಾತ್ರಿ ಒಂದೂವರೆಗೆ ಟೆಂಟಿನ ಸಂದಿಯಿಂದ ಭಗ್ ಅಂತ ಬೆಳಕು ಬಂದಿದ್ದು ನೋಡಿ ಕಿರುಚಿದ್ದು ಬೇರೆ ಕಥೆ.

ಕೊನೆಗೆ ಸೋತು ಲೈಟನ್ನ ಹಗಲಿಗೇ ವಾಪಸ್ ತಂದು, ಆ ರೂಮಿಗೆ ಎಸಿ ಹಾಕಿಸಿದೆ. ನಮ್ಮ ಬೆಡ್‌ರೂಮಲ್ಲಿ ಫ್ಯಾನೇ ಇರೋದು, ಆ ವಿಷಯಕ್ಕೆ ಆಮೇಲೆ ಬರ್ತೀನಿ. ಮೊದಲ ರಾತ್ರಿ 18 ಡಿಗ್ರಿ! ತಂಪು ಹೊರಗೆ ಹೋಗದೇ ಇರ್ಲಿ ಅಂತ ಜಾಣತನ ಮಾಡಿ ಟೆಂಟಿನ ಎಕ್ಸಾಸ್ಟ್ ಫ್ಯಾನ್ ಆಫ್ ಮಾಡಿ ಮಲಗಿದೆ. ಬೆಳಿಗ್ಗೆ ಜಿಪ್ ಎಳೆದ್ರೆ ಒಳಗಿನ ಗೋಡೆ ತುಂಬಾ ನೀರು, ಹನಿ ಹನಿ ಇಳೀತಿದೆ, ಎಲೆ ತುದಿಲೂ ನೀರು. ಲೆಕ್ಕ ಹಾಕಿದ್ರೆ ಸರಳ. 28 ಡಿಗ್ರಿ ಗಾಳಿ ಒಂದು ಘನ ಮೀಟರಿಗೆ ಸುಮಾರು 27 ಗ್ರಾಂ ನೀರು ಹೊತ್ಕೊಳ್ಳತ್ತೆ, 18 ಡಿಗ್ರಿ ಗಾಳಿ ಬರೀ 15. ಅಂದ್ರೆ ಸಂಜೆ ತೇವ ಅಳೆಯೋ ಮೀಟರಲ್ಲಿ 55 ಪರ್ಸೆಂಟ್ ಅಂತ ನೋಡಿ ಖುಷಿಪಟ್ಟ ಅದೇ ಗಾಳಿ, ಏನೂ ಸೇರಿಸದೇನೇ, 18ಕ್ಕೆ ಇಳಿದಾಗ ಹೆಚ್ಚುಕಮ್ಮಿ ನೂರು. ಮೇಲಿಂದ ಗಿಡದ ಬೆವರು, ಕುಂಡದ ಒದ್ದೆ. ವಾರದೊಳಗೆ ಒಂದು ಕಾಂಡದ ಮೇಲೆ ಬೂದು ಬಣ್ಣದ ನವಿರು ಬೂಷ್ಟು ಬಂತು, ಊದಿದ್ರೆ ಹೊಗೆ ಥರ ಏಳೋದು. ಆ ಗಿಡ ಕಿತ್ತಾಕಿದೆ. ಆವತ್ತಿಂದ ಕತ್ತಲಲ್ಲೂ ಫ್ಯಾನ್ ನಿಲ್ಸಲ್ಲ, ಎಸಿನೂ ಒಂದೇ ಏಟಿಗೆ ಇಳಿಸಲ್ಲ.

ಐದು ಗಿಡ ಉಳೀತು, ಕಾಯಿ ಕಚ್ತು. ಅಷ್ಟರಲ್ಲಿ ನಮ್ಮನೆಯವಳು ಒಂದು ರಾತ್ರಿ ದಿಂಬು ಎತ್ಕೊಂಡು ಹೊರಟ್ಲು. "ಗಿಡ ಬೆವರಿದ್ರೆ ನಿಮಗೆ ಫೋನಿಗೆ ಮೆಸೇಜ್ ಬರತ್ತೆ, ನಾನು ಬೆವರಿದ್ರೆ ಬರಲ್ಲ" ಅಂತ ಹೇಳಿ ಟೆಂಟ್ ಪಕ್ಕದಲ್ಲೇ ಹಾಸಿಗೆ ಹಾಸ್ಕೊಂಡ್ಲು.

ಮೂರು ದಿನ ಆದ್ಮೇಲೆ ಫೋನಲ್ಲಿ ಟೆಂಟಿನ ಬಿಸಿಯ ಗ್ರಾಫ್ ನೋಡ್ತೀನಿ, ದಿನಾ ರಾತ್ರಿ ಹನ್ನೊಂದಕ್ಕೆ ಸರಿಯಾಗಿ ಒಂದು ಉಬ್ಬು, ತೇವನೂ ಏರಿದೆ. ಒಬ್ಬ ಮನುಷ್ಯ ಸುಮ್ನೆ ಮಲಗಿದ್ರೂ 70-80 ವ್ಯಾಟ್ ಬಿಸಿ ಬಿಡ್ತಾನೆ, ಉಸಿರಿನ ನೀರು ಬೇರೆ. ಇದನ್ನ ಅವಳ ಹತ್ರ ಹೇಳೋ ಗಂಡು ಇನ್ನೂ ಹುಟ್ಟಿಲ್ಲ. ಬಾಯಿ ಮುಚ್ಕೊಂಡು ಎಸಿನ ಇನ್ನೊಂದು ಡಿಗ್ರಿ ಇಳಿಸಿ ಬಂದೆ.

ಬೆಳಿಗ್ಗೆ ಹೋಗಿ ನೋಡಿದ್ರೆ ರಗ್ಗು ಕಿವಿ ತನಕ ಹೊದ್ಕೊಂಡಿದ್ದಾಳೆ, ರಿಮೋಟು ದಿಂಬಿನ ಕೆಳಗಿದೆ, ಎಸಿ 25ಕ್ಕಿದೆ. ಟೆಂಟಿನ ಜಿಪ್ ತೆಗೆದು ಬಗ್ಗಿ ನೋಡಿದೆ. ಎರಡು ತೊಟ್ಟು, ಗಂಟಿನ ಹತ್ರ, ಹಳದಿ.