ಗಣಿತಕ್ಕೆ ಮೇಷ್ಟ್ರಿಲ್ಲ, ನೋಟಿಸ್ ಮಾತ್ರ ಬಂತು

ನಮ್ಮೂರ ಸರ್ಕಾರಿ ಹೈಸ್ಕೂಲಿಗೆ ನೋಟಿಸ್ ಬಂದಿದೆ. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶ ಯಾಕೆ ಕುಸಿಯಿತು, ದಾಖಲಾತಿ ಯಾಕೆ ಇಳಿಯಿತು, ವಿವರಣೆ ಕೊಡಿ ಅಂತ. ಹೆಡ್‌ಮೇಷ್ಟ್ರು ಅದನ್ನು ಟೇಬಲ್ ಮೇಲಿಟ್ಟು ತಲೆ ತಗ್ಗಿಸಿ ಕೂತಿದ್ದರು. ವಿವರಣೆ ನಾನು ಕೊಡ್ತೀನಿ. ನಾನು ಅಲ್ಲೇ ಓದಿದವನು, ಮಗಳು ಈಗ ಅಲ್ಲೇ ಹತ್ತನೇ ಕ್ಲಾಸು.

ಗಣಿತದ ಮೇಷ್ಟ್ರು ವರ್ಗವಾಗಿ ಎರಡು ವರ್ಷವಾಯ್ತು. ಆ ಜಾಗಕ್ಕೆ ಯಾರೂ ಬಂದಿಲ್ಲ. ಈ ವರ್ಷ ಅತಿಥಿ ಶಿಕ್ಷಕನಾಗಿ ಒಬ್ಬ ಹುಡುಗ ಬಂದ, ಅದೂ ಜುಲೈ ಮುಗಿಯುವಾಗ. ಬಿ.ಎಡ್. ಮಾಡಿದವನಿಗೆ ತಿಂಗಳಿಗೆ 10,500 ರೂಪಾಯಿ ಇದ್ದದ್ದನ್ನು 2025ರಲ್ಲಿ 12,500 ಮಾಡಿದರು. ಆ ದುಡ್ಡಾದರೂ ತಿಂಗಳಾ ತಿಂಗಳಾ ಕೈಗೆ ಬರುತ್ತಾ? ‘ಅಣ್ಣಾ, ಪೆಟ್ರೋಲಿಗೇ ಸಾಲ ಮಾಡ್ತಿದ್ದೀನಿ’ ಅಂದ. ದಸರೆಗೆ ಮುಂಚೆ ತಾಲ್ಲೂಕಿನ ಖಾಸಗಿ ಶಾಲೆ ಸೇರಿಕೊಂಡ. ಅವನನ್ನು ಬೈಯೋಕೆ ನನಗೆ ಬಾಯಿ ಬರಲಿಲ್ಲ. ಈಗ ಗಣಿತ ಹೇಳ್ತಿರೋದು ಹಿಂದಿ ಮೇಡಂ! ರಾತ್ರಿ ಯೂಟ್ಯೂಬ್ ನೋಡಿ ತ್ರಿಕೋನಮಿತಿ ಲೆಕ್ಕ ಕಲಿತು, ಬೆಳಿಗ್ಗೆ ಬೋರ್ಡ್ ಮೇಲೆ ಬಿಡಿಸ್ತಾರೆ ಆ ತಾಯಿ. ನೋಟಿಸಿಗೆ ಉತ್ತರ ಬರೆಯಬೇಕಾದವರಲ್ಲಿ ಅವರೂ ಒಬ್ಬರು.

ಇದು ಸಾಲದು ಅಂತ 2025ರ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದು, ಇದ್ದ ಮೇಷ್ಟ್ರುಗಳನ್ನೂ ಜಾತಿ ಸಮೀಕ್ಷೆಗೆ ಮನೆಮನೆ ತಿರುಗಿಸಿದರು.

ಪರೀಕ್ಷೆಯನ್ನು ಕ್ಯಾಮೆರಾದಲ್ಲಿ ನೇರವಾಗಿ ನೋಡೋ ವೆಬ್‌ಕಾಸ್ಟಿಂಗ್ ಬಂದು ನಕಲು ನಿಂತಿತು, ಅದಕ್ಕೇ ಫಲಿತಾಂಶ ಇಳಿಯಿತು ಅಂತಾರೆ. ನಿಲ್ಲಲೇಬೇಕಿತ್ತು, ನನ್ನ ತಕರಾರಿಲ್ಲ. 2023ರಲ್ಲಿ ಶೇ. 83.89 ಇದ್ದ ರಾಜ್ಯದ ಫಲಿತಾಂಶ 2024ರಲ್ಲಿ 73.40ಕ್ಕೆ ಬಿತ್ತು, ಅದೂ ಕೃಪಾಂಕ ಧಾರಾಳವಾಗಿ ಕೊಟ್ಟ ಮೇಲೆ. ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಇಡೋಕೆ ದುಡ್ಡಿತ್ತಲ್ಲ, ಕ್ಲಾಸಿಗೆ ಮೇಷ್ಟ್ರನ್ನು ಕೊಡೋಕೆ ಯಾಕಿಲ್ಲ?

ಇನ್ನು ದಾಖಲಾತಿ. ನಮ್ಮ ಕಾಲಕ್ಕೆ ಎಂಟನೇ ಕ್ಲಾಸಿಗೇ ಎರಡು ಸೆಕ್ಷನ್. ಈ ವರ್ಷ ಹನ್ನೊಂದು ಮಕ್ಕಳು. ಬೆಳಿಗ್ಗೆ ಏಳೂವರೆಗೆ ಹಳದಿ ವ್ಯಾನು ಊರಬಾಗಿಲಿಗೆ ಬಂದು ಹಾರ್ನ್ ಹೊಡೀತದೆ, ಮಕ್ಕಳು ಓಡ್ತಾರೆ. ಅಡಿಕೆ ಸುಲಿಯೋಕೆ ಹೋಗೋ ನಮ್ಮ ಪಕ್ಕದ ಮನೆ ಅಕ್ಕ ಕೂಡ ಸಂಘದಲ್ಲಿ ಸಾಲ ಎತ್ತಿ ಫೀಸು ಕಟ್ಟಿದಾಳೆ. ಮೇಷ್ಟ್ರಿಲ್ಲದ ಶಾಲೆಗೆ ಯಾವ ತಾಯಿ ಮಗನ್ನ ಕಳಿಸ್ತಾಳೆ ಹೇಳಿ! ಮಕ್ಕಳು ಕಡಿಮೆಯಾದರು ಅಂತ ಇದ್ದ ಇಂಗ್ಲಿಷ್ ಮೇಷ್ಟ್ರನ್ನೂ ‘ಹೆಚ್ಚುವರಿ’ ಅಂತ ಎತ್ತಿ ಬೇರೆ ಕಡೆ ಹಾಕಿದರು. ಅದನ್ನು ನೋಡಿ ಮತ್ತೆ ನಾಲ್ಕು ಜನ ಟಿ.ಸಿ. ತಗೊಂಡರು.

ಎಂಟನೇ ಕ್ಲಾಸಿಗೆ ಕೊಡ್ತಿದ್ದ ಸೈಕಲ್ಲೂ ಕೊರೋನಾದಿಂದೀಚೆ ನಿಂತುಹೋಯಿತು. ತೋಟದ ಮನೆಗಳ ಹೆಣ್ಣುಮಕ್ಕಳು ಮಳೆಗಾಲದಲ್ಲಿ ನಾಲ್ಕು ಕಿಲೋಮೀಟರ್ ನಡೀತಾರೆ. ಇಬ್ಬರು ಒಂಬತ್ತಕ್ಕೇ ಬಿಟ್ಟರು. ಅವರ ಬಗ್ಗೆ ಯಾರೂ ನೋಟಿಸ್ ಕಳಿಸಿಲ್ಲ.

ಮೊನ್ನೆ ಮಗಳು ಗಣಿತ ಪುಸ್ತಕ ತೆರೆದು ಕೂತು, ‘ಅಪ್ಪಾ, ಇದರಲ್ಲಿ ಐದು ಪಾಠ ಇನ್ನೂ ಆಗಿಲ್ಲ’ ಅಂದಳು. ನನಗೆ ಆ ಲೆಕ್ಕ ಬರಲ್ಲ. ಮಾರ್ಚ್ ಬಂದೇಬಿಡ್ತು.